ತಲೆಸ್ನಾನದ ಇತಿಹಾಸ ಪಾಠ



'ಶಾಂಪೂ' ಪದವು 'ಒತ್ತು' ಎಂಬರ್ಥದ ಹಿಂದಿಯ 'ಚಾಂಪೋ'ದಿಂದ ಬಂದದ್ದು. ಪಾಟ್ನಾ ಮೂಲದ ಶೇಖ್ ದೀನ್ ಮಹಮ್ಮದರು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಅದನ್ನು ಪ್ರಸಿದ್ಧಗೊಳಿಸಿದರು. ನಮ್ಮ ಗುಬ್ಬಿ, ಕುಣಿಗಲ್ ಮನೆಗಳಲ್ಲಾದರೋ ಮತಭೇದವಿಲ್ಲದೆ ಸೀಗೆಪುಡಿ, ಅಂಟುವಾಳ, ಕೊಬ್ಬರಿ ಎಣ್ಣೆಗಳೇ ಬಳಕೆಯಲ್ಲಿದ್ದವು.

ಗುಬ್ಬಿಯಲ್ಲಿ ಈ ಪಾಠ ಹೇಳಿದ ಸಂಜೆ, ಹಿಜಾಬ್ ಧರಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಹಣೆಯಂಚಿನ ಕೂದಲು ಉದುರುತ್ತಿದೆಯೆಂದು ನನ್ನ ಶ್ರೀಮತಿಯವರ ಬಳಿ ಅತ್ತಳು. ತಡವಾದರೆ ನಾನು ಹೊರಗೆ ನಿಲ್ಲಿಸುವೆನೆಂಬ ಭಯದಿಂದ ಒದ್ದೆ ಕೂದಲನ್ನೇ ಬಿಗಿದು ಕಟ್ಟಿ ಓಡಿಬರುತ್ತಿದ್ದಳಂತೆ! ದೋಷ ವಸ್ತ್ರದ್ದಲ್ಲ, ಬಿಗಿತದ್ದು. ಎಳೆತ ಬಹುಕಾಲ ಮುಂದುವರಿದರೆ ಬೇರು ನಶಿಸಿ ಕೂದಲು ಮರಳಿ ಬಾರದು. ಬೇಗ ಸಡಿಲಿಸಿದರೆ ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಸಂಜೆಯೇ ತೊಳೆದು, ಪೂರ್ಣ ಒಣಗಿಸಿ, ಸಡಿಲವಾಗಿ ಹೆಣೆಯಲು ಶ್ರೀಮತಿಯವರು ತಿಳಿಸಿದರು.

ಅಂದಿನಿಂದ ತಡವಾಗಿ ಬಂದ ಯಾರನ್ನೂ ನಾನು ಹೊರಗೆ ನಿಲ್ಲಿಸಲಿಲ್ಲ.