ಮಾವಿನ ಮಂಡಿಯೂ ಮಾಹಿತಿಯ ಕಿಟಕಿಯೂ

ಕೋಲಾರ ಜಿಲ್ಲೆಯಲ್ಲಿ ಮಾವು ಎಂದರೆ ಶ್ರೀನಿವಾಸಪುರ. ಅಲ್ಲಿನ ಮಂಡಿಯ ಲೆಕ್ಕ ಬಲ್ಲವರಿಗೆ ಕಂಪ್ಯೂಟರ್ ಜಾಲದ ಒಂದು ಸಣ್ಣ ಚರಿತ್ರೆಯನ್ನು ಹೇಳುವುದು ಸುಲಭವೆಂದು ನನಗೆ ತೋರುತ್ತದೆ.

ಕೊಳ್ಳುವವರ ಗೋದಾಮಿನಲ್ಲಿ ಹತ್ತು ಲೋಡಿಗಷ್ಟೇ ಜಾಗ ಎನ್ನಿ. ಮಂಡಿಯವರು ಹತ್ತು ಲೋಡು ಕಳಿಸಿ ಸುಮ್ಮನಾಗಬೇಕು. ಲಾರಿ ರಶೀದಿಯೊಂದಿಗೆ ಮರಳಿದ ಮೇಲೆ ಮುಂದಿನ ಲೋಡು. ಮಾಲೂರಿಗಾದರೆ ರಶೀದಿ ಅದೇ ದಿನ ಬರುತ್ತದೆ. ದಿನಕ್ಕೆ ಹತ್ತು ಲೋಡು ಸಾಗುತ್ತದೆ. ದೆಹಲಿಗೆ ಹೋಗಿಬರಲು ಹತ್ತು ದಿನ ಹಿಡಿದರೆ ದಿನಕ್ಕೆ ಒಂದೇ ಲೋಡು ಬಿದ್ದಂತಾಯಿತು. ರಸ್ತೆ ಎಷ್ಟು ಅಗಲವಾದರೂ ಈ ಲೆಕ್ಕ ಬದಲಾಗದು.

ಇಂಟರ್‌ನೆಟ್ಟಿನ ಟಿ.ಸಿ.ಪಿ. ನಿಯಮಾವಳಿಯಲ್ಲಿ ಈ ಮಿತಿಗೆ 'ವಿಂಡೋ', ಅಂದರೆ ಕಿಟಕಿ ಎಂದು ಹೆಸರು. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ೧೯೭೪ರ ತಮ್ಮ ಲೇಖನದಲ್ಲೇ ಈ ಉಪಾಯವನ್ನು ವಿವರಿಸಿದ್ದರು. ೧೯೮೧ರ ನಿರೂಪಣೆಯಲ್ಲಿ ಅದನ್ನು ಬರೆಯಲು ೧೬ ಬಿಟ್‌ಗಳ ಜಾಗವಿತ್ತು. ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ೬೫,೫೩೫. ರಶೀದಿ ಬಾರದೆ ಅದಕ್ಕಿಂತ ಹೆಚ್ಚು ಬೈಟ್‌ಗಳು ದಾರಿಯಲ್ಲಿರುವಂತಿಲ್ಲ. ಆಗಿನ ನಿಧಾನದ ತಂತಿಗಳಿಗೆ ಅದು ಧಾರಾಳವಾಗಿಯೇ ಇತ್ತು.

ಪೆಟ್ಟು ಬಿದ್ದದ್ದು ದೂರದವರಿಗೆ. ೧೯೮೫ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೆಲಸವನ್ನು ಅಮೆರಿಕಕ್ಕೆ ಕಳಿಸಿದ್ದು ಉಪಗ್ರಹದ ದಾರಿಯಲ್ಲಿ. ಅಂಥ ಉಪಗ್ರಹ ಇರುವುದು ಸುಮಾರು ೩೬,೦೦೦ ಕಿ.ಮೀ. ಎತ್ತರದಲ್ಲಿ. ಅದರ ಮೂಲಕ ಮಾಹಿತಿ ಹೋಗಿ ರಶೀದಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಈ ಹಳೆಯ ಕಿಟಕಿಯಲ್ಲಿ ಒಂದು ಸಂಪರ್ಕಕ್ಕೆ ದಕ್ಕುವುದು ಸೆಕೆಂಡಿಗೆ ಸುಮಾರು ೧೦ ಲಕ್ಷ ಬಿಟ್; ಬಾಡಿಗೆಗೆ ಪಡೆದ ಮಾರ್ಗ ೧ ಕೋಟಿಯದಾದರೂ ಅಷ್ಟೇ. ಸಮುದ್ರದಡಿಯ ಕೇಬಲಿನಲ್ಲಿ ಕಾಲು ಸೆಕೆಂಡು ಹಿಡಿದರೆ ಸುಮಾರು ೨೦ ಲಕ್ಷ. ಲೈನು ಸರಿಯಿಲ್ಲವೆಂದು ಇನ್ನೂ ದೊಡ್ಡ ಮಾರ್ಗಕ್ಕೆ ಹಣ ಸುರಿದರೆ ಅದು ನೀರಿನಲ್ಲಿ ಹೋಮ ಮಾಡಿದಂತೆ. ತಡೆ ಇರುವುದು ಎರಡು ತುದಿಯ ಯಂತ್ರಗಳಲ್ಲಿ.

೧೯೯೨ರಲ್ಲಿ ವ್ಯಾನ್ ಜೇಕಬ್ಸನ್, ರಾಬರ್ಟ್ ಬ್ರೇಡನ್, ಡೇವಿಡ್ ಬೋರ್ಮನ್ ಇದಕ್ಕೆ ಪರಿಹಾರವನ್ನು ಬರೆದರು. ಹಳೆಯ ಜಾಗವನ್ನು ಅವರು ಮುಟ್ಟಲಿಲ್ಲ. ಅಲ್ಲಿನ ಸಂಖ್ಯೆಯನ್ನು ಎಷ್ಟರಿಂದ ಗುಣಿಸಬೇಕೆಂದು ಎರಡೂ ಕಡೆಯವರು ಮೊದಲೇ ಹೇಳಿಕೊಂಡರಾಯಿತು. ಮಿತಿ ೧೦೦ ಕೋಟಿ ಬೈಟ್ ದಾಟಿತು. ಒಂದು ಕಡೆ ಒಪ್ಪದಿದ್ದರೆ ಮಾತ್ರ ಹಳೆಯ ಕಿಟಕಿಯೇ ಗತಿ.

ನಮ್ಮಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ತೆರೆದದ್ದು ೧೯೯೫ರ ಆಗಸ್ಟ್ ೧೫ರಂದು. ಮೋಡೆಮ್ಮಿನ ವೇಗವೇ ಅಲ್ಪವಾಗಿದ್ದ ಆ ದಿನಗಳಲ್ಲಿ ಕಿಟಕಿಯ ಕಿರಿದು ಯಾರಿಗೂ ಕಾಣಲಿಲ್ಲ. ಮಾರ್ಗ ಹಿಗ್ಗಿದಾಗ ಅದು ಎದುರಾಯಿತು. ತಿಳಿದವರು ಅದನ್ನು ಕೈಯಿಂದ ಹೊಂದಿಸಿಕೊಳ್ಳುತ್ತಿದ್ದರು. ೨೦೦೭ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾ, ದಾರಿಯನ್ನು ತಾನೇ ಅಳೆದು ಕಿಟಕಿಯನ್ನು ಹಿಗ್ಗಿಸಿಕೊಳ್ಳುತ್ತಿತ್ತು.

೧೯೮೧ರವರನ್ನು ನಾನು ದೂರುವುದಿಲ್ಲ. ಕಣ್ಣೆದುರಿನ ತಂತಿಗೆ ತಕ್ಕ ನಿಯಮವನ್ನು ಅವರು ಬರೆದರು. ಆದರೆ ಹತ್ತಿರದ ಲೆಕ್ಕದಲ್ಲಿ ಬರೆದ ನಿಯಮಕ್ಕೆ ಸುಂಕ ತೆರುವವರು ದೂರದವರು. ಕ್ಯಾಲಿಫೋರ್ನಿಯಾದ ಗ್ರಂಥಭಂಡಾರದಿಂದ ಪುಸ್ತಕವೊಂದನ್ನು ಇಳಿಸಿಕೊಳ್ಳುವ ಮುಳಬಾಗಿಲಿನ ಹುಡುಗಿ ಇಂದು ಆ ಸುಂಕ ಕಟ್ಟಬೇಕಿಲ್ಲ.