ಶಾಲಾ ಬಾಲಕಿಯರ ದೈಹಿಕ ಚಟುವಟಿಕೆ

ಶಾಲಾ ವಯಸ್ಸಿನ ಹೆಣ್ಣುಮಕ್ಕಳು ಆಟ, ವ್ಯಾಯಾಮ, ನಡಿಗೆ, ಮನೆಗೆಲಸಗಳಲ್ಲಿ ತೊಡಗಿದಾಗ ನಡೆಯುವ ದೇಹಶ್ರಮ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. 2016ರ ಅಂದಾಜಿನಂತೆ ಜಗತ್ತಿನ 11–17 ವಯಸ್ಸಿನ ಶಾಲಾ ಬಾಲಕಿಯರಲ್ಲಿ ಸುಮಾರು 85%, ಬಾಲಕರಲ್ಲಿ 78% ಮಂದಿ ಇಷ್ಟು ಚಟುವಟಿಕೆ ಇಲ್ಲದವರು. ಚಟುವಟಿಕೆಯಿಂದ ಬಲಗೊಳ್ಳುವ ಮೂಳೆಯ ಸಾಂದ್ರತೆ ವೇಗವಾಗಿ ಕೂಡುವುದು ಹದಿಹರೆಯದಲ್ಲಿ. ಆದರೆ ಆಟ ತಪ್ಪುವುದೂ ಆಗಲೇ. ಮೈನೆರೆದ ಹುಡುಗಿಯನ್ನು ಬಯಲಿಗೆ ಬಿಡದ ರೂಢಿ, ಮುಟ್ಟಿನ ದಿನಗಳ ಸಂಕೋಚ, ಶೌಚಾಲಯದ ಕೊರತೆ, ಮನೆಗೆಲಸದ ಹೊರೆ ಇದಕ್ಕೆ ಕಾರಣಗಳು. ಆದರೂ ಆಟಕ್ಕೆ ಬಯಲೇ ಬೇಕೆಂದಿಲ್ಲ: ಕರ್ನಾಟಕದಲ್ಲಿ ಹುಡುಗಿಯರ ಸಾಂಪ್ರದಾಯಿಕ ಆಟವಾದ ಕುಂಟೆಬಿಲ್ಲೆಗೆ ಅಂಗಳದ ನಾಲ್ಕು ಗೆರೆ, ಒಂದು ಬಿಲ್ಲೆ ಸಾಕು. ಒಂಟಿಕಾಲಿನ ಕುಪ್ಪಳಿಕೆ ಕಾಲಿನ ಬಲ, ಸಮತೋಲನಗಳನ್ನು ಬೆಳೆಸುತ್ತದೆ. ಶಾಲೆಗಳ ನಡುವೆ ಬಾಲಕಿಯರ ಖೋ ಖೋ, ಕಬಡ್ಡಿ, ಥ್ರೋಬಾಲ್ ಪಂದ್ಯಗಳು ಹೋಬಳಿಯಿಂದ ರಾಜ್ಯಮಟ್ಟದವರೆಗೆ ನಡೆಯುತ್ತವೆ.