ಹಳೇ ಫೈಲುಗಳ ಲಾಕು

ತುಮಕೂರಿನ ಪ್ರೆಸ್ಸುಗಳನ್ನು ಸಾಕಿದ್ದು ಬಿಲ್ ಬುಕ್ಕು, ಲಗ್ನಪತ್ರಿಕೆ ಮತ್ತು ಜಾತ್ರೆಯ ಕರಪತ್ರ. ಗುಬ್ಬಿಯಿಂದ ಗೋಸಲ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆಯದು ಬರುತ್ತಿತ್ತು, ಕುಣಿಗಲ್ ಕಡೆಯಿಂದ ಎಡೆಯೂರು ಸಿದ್ಧಲಿಂಗೇಶ್ವರರ ರಥೋತ್ಸವದ್ದು, ಮಂಡಿಪೇಟೆಯಿಂದ ವರ್ಷವಿಡೀ ಬಿಲ್ ಬುಕ್ಕು. ನಾನು ಕೆಲಸಕ್ಕೆ ಸೇರಿದಾಗ ಮೊಳೆ ಜೋಡಿಸುವ ಕಾಲ ಮುಗಿಯುತ್ತಾ ಬಂದಿತ್ತು. ಗೋಡೆಗೆ ಒರಗಿದ ಮರದ ಕೇಸುಗಳಲ್ಲಿ ಸೀಸದ ಮೊಳೆಗಳು ಇನ್ನೂ ಇದ್ದವು: ಒತ್ತಕ್ಷರಕ್ಕೆ ಬೇರೆ ಖಾನೆ, ದೀರ್ಘಕ್ಕೆ ಬೇರೆ ಖಾನೆ. ಟ್ರೆಡಲ್ ಓಡುತ್ತಿದ್ದದ್ದು ಬಿಲ್ ಬುಕ್ಕಿಗೆ ನಂಬರ್ ಹೊಡೆಯಲು ಮಾತ್ರ.

ಮೇಜಿನ ಮೇಲೆ ಕೂತದ್ದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿ ತಂದ ಈ ತಂತ್ರಾಂಶ 1994ರಲ್ಲಿ ಅಡೋಬಿ ಪಾಲಾಯಿತು, 2001ರ 7.0 ಅದರ ಕೊನೆಯ ಆವೃತ್ತಿ. ಅದಕ್ಕೆ ಕನ್ನಡ ಕೊಟ್ಟದ್ದು ಪುಣೆಯ ಶ್ರೀಲಿಪಿಯಂಥ ತಂತ್ರಾಂಶಗಳು. ಅವುಗಳ ಜೊತೆಗೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಲಾಕು ಬರುತ್ತಿತ್ತು. ಆಗ ಅದನ್ನು ಸಿಪಿಯು ಹಿಂದಿನ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕುತ್ತಿದ್ದೆವು. ಲಾಕು ಇಲ್ಲದಿದ್ದರೆ ಕನ್ನಡ ಟೈಪಾಗದು. "ನೋಡಮ್ಮ, ಮೆಷಿನ್ ಕೆಟ್ಟರೆ ರಿಪೇರಿ ಮಾಡಿಸ್ತೀನಿ, ಲಾಕ್ ಕಳೆದರೆ ಏನ್ ಮಾಡ್ಲಿ?" ಎನ್ನುತ್ತಿದ್ದರು ಯಜಮಾನರು. ಸಂಜೆ ಬೀಗ ಹಾಕುವಾಗ ಅದನ್ನು ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿಡುವುದು ನನ್ನ ಜವಾಬ್ದಾರಿ.

2000ದ ದಶಕದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತವಾಗಿ ಬಂತು, ಲಾಕಿನ ಹಂಗಿಲ್ಲದೆ. ಕನ್ನಡದ ಮಟ್ಟಿಗೆ ಅದು ದೊಡ್ಡ ಉಪಕಾರವೆಂದೇ ನನ್ನ ಭಾವನೆ. ಆದರೆ ಅಷ್ಟರಲ್ಲಾಗಲೇ ನಮ್ಮ ಫೈಲುಗಳು ಹಳೆಯ ಫಾಂಟುಗಳಲ್ಲಿ ಕೂತುಬಿಟ್ಟಿದ್ದವು. ಪ್ಯಾರಲಲ್ ಪೋರ್ಟು ಕಾಣೆಯಾದಾಗ ಲಾಕು ಯುಎಸ್‌ಬಿಗೆ ಬದಲಾಯಿತು. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯನ್ನು ಕೈಬಿಟ್ಟಿತು. ಅದೇ ವರ್ಷದ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ನಮ್ಮ ಊರು 'ತುಮಕೂರು' ಆದದ್ದರಿಂದ ಲೆಟರ್‌ಹೆಡ್ಡುಗಳನ್ನೆಲ್ಲ ತಿದ್ದಬೇಕಾಗಿ ಬಂತು. ಹಳೆಯ ಫೈಲುಗಳು ಎಷ್ಟು ಬೇಕಾಗುತ್ತವೆಂದು ಅರಿವಾದದ್ದು ಆಗ.

ಹೊಸ ಕಂಪ್ಯೂಟರಿನ ಒಳಗೆ ವರ್ಚುವಲ್‌ಬಾಕ್ಸ್ ತಂತ್ರಾಂಶದಿಂದ ವರ್ಚುವಲ್ ಮೆಷಿನ್ ಮಾಡಿ, ಅದರಲ್ಲಿ ಎಕ್ಸ್‌ಪಿ ಕೂರಿಸಿದೆವು. ಹೊರಗೆ ಹೊಸ ವಿಂಡೋಸಿನಲ್ಲಿ ಕೆಲಸ, ಹಿನ್ನೆಲೆಯಲ್ಲಿ ಹಳೆಯ ಪೇಜ್‌ಮೇಕರ್. ಲಾಕಿನ ಕಾಟ ಶುರುವಾದದ್ದು ಇಲ್ಲಿಂದ. ಕರಪತ್ರ ತಿದ್ದಲು ಎಕ್ಸ್‌ಪಿಗೆ ಮರಳಿದರೆ ಕೀಲಿಮಣೆ ಕನ್ನಡ ಬಿಟ್ಟು ಇಂಗ್ಲಿಷ್ ಮೂಡಿಸುತ್ತಿತ್ತು. ಲಾಕು ಸಿಕ್ಕಿಸಿದಲ್ಲೇ ಇತ್ತು, ಒಳಗಿನ ಎಕ್ಸ್‌ಪಿಗೆ ಮಾತ್ರ ಕಾಣುತ್ತಿರಲಿಲ್ಲ.

ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಹೊರಗಿನ ವಿಂಡೋಸ್ ಕರೆಂಟ್ ಉಳಿಸಲೆಂದು ಮಲಗಿಸುತ್ತದೆ. ಸೌಲಭ್ಯದ ಹೆಸರು ಸೆಲೆಕ್ಟಿವ್ ಸಸ್ಪೆಂಡ್. ಲಾಕು ಎಚ್ಚರಾದಾಗ ಹೊಸದಾಗಿ ಸಿಕ್ಕಿಸಿದ ಸಾಧನದಂತೆ ಕಂಡುಬಿಟ್ಟರೆ ಅದು ಹೊರಗಿನ ವಿಂಡೋಸಿನ ಕೈಗೆ ಹೋಗುತ್ತದೆ, ಒಳಗಿನದಕ್ಕೆ ತಪ್ಪಿಹೋಗುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಆ ಸೌಲಭ್ಯ ನಿಲ್ಲಿಸಿದೆ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಗುರುತನ್ನೂ ತೆಗೆದೆ. ವರ್ಚುವಲ್‌ಬಾಕ್ಸಿನಲ್ಲಿ ಲಾಕಿನ ವೆಂಡರ್ ಮತ್ತು ಪ್ರಾಡಕ್ಟ್ ನಂಬರ್ ಕೊಟ್ಟು ಫಿಲ್ಟರ್ ಹಾಕಿದ ಮೇಲೆ, ಎಚ್ಚರಾದರೂ ಅದು ನೇರ ಒಳಕ್ಕೇ ಹೋಗತೊಡಗಿತು. ಬಿಡಿ ಯುಎಸ್‌ಬಿ ಹಬ್ ಬಿಟ್ಟು ಲಾಕನ್ನು ಸಿಪಿಯು ಹಿಂದಿನ ಪೋರ್ಟಿಗೇ ಸಿಕ್ಕಿಸಿದೆ. ವರ್ಚುವಲ್ ಮೆಷಿನ್ನನ್ನು ಇದ್ದ ಸ್ಥಿತಿಯಲ್ಲೇ ಸೇವ್ ಮಾಡುವ ಅಭ್ಯಾಸವನ್ನೂ ಬಿಟ್ಟೆ. ಪೂರ್ತಿ ಶಟ್‌ಡೌನ್ ಮಾಡಿದರೆ ಮರುದಿನ ಲಾಕು ತಪ್ಪದೆ ಸಿಗುತ್ತದೆ.

ಇಷ್ಟು ಕಷ್ಟಪಡುವ ಬದಲು ಯೂನಿಕೋಡಿಗೆ ಪರಿವರ್ತಿಸಬಾರದೇ ಎಂದು ಕೇಳುವವರಿದ್ದಾರೆ. ಮಾಡಲೇಬೇಕು, ಮಾಡುತ್ತಲೂ ಇದ್ದೇನೆ. ಹಳೆಯ ಫಾಂಟು ಸೀಸದ ಮೊಳೆಯ ಲೆಕ್ಕದಲ್ಲೇ ಇದೆ: ಒತ್ತಿಗೊಂದು ಚೂರು, ಕೊಂಬಿಗೊಂದು ಚೂರು, ಅರ್ಕಾವತ್ತು ಅಕ್ಷರದ ಹಿಂದೆ. ಯೂನಿಕೋಡಿನಲ್ಲಿ ರ್ ಮೊದಲು, ವ್ಯಂಜನ ಆಮೇಲೆ. ಪರಿವರ್ತಕ ತಂತ್ರಾಂಶ ಬಹುಪಾಲು ಸರಿ ಮಾಡುತ್ತದೆ, ಆದರೆ 'ಕಾರ್ತಿಕ', 'ಧರ್ಮದರ್ಶಿ' ಬಂದಲ್ಲಿ ಕಣ್ಣಿಟ್ಟೇ ನೋಡಬೇಕು. ಮೂಲದ ಸಾಲನ್ನು ಎಕ್ಸ್‌ಪಿಯಲ್ಲಿ ತೆರೆದಿಟ್ಟುಕೊಳ್ಳದೆ ಪ್ರೂಫ್ ನೋಡುವುದು ನನ್ನಿಂದಾಗದು, ತಿದ್ದಬೇಕಾದಲ್ಲಿ ಲಾಕೂ ಬೇಕು.

ಎಡೆಯೂರಿನ ಕರಪತ್ರಗಳು ಮುಗಿದಿವೆ. ಮುಂದೆ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಸ್ಥಳಪುರಾಣದ ಪುಸ್ತಿಕೆಗಳು. ಬಿಲ್ ಬುಕ್ಕುಗಳು ಕೊನೆಗಿರಲಿ, ಅವನ್ನು ಒಂದು ಮಧ್ಯಾಹ್ನದಲ್ಲಿ ಹೊಸದಾಗಿಯೇ ಟೈಪು ಮಾಡಬಹುದು. ಪುಸ್ತಿಕೆ ಬರೆದ ಹಿರಿಯರಲ್ಲಿ ಹಲವರು ಈಗಿಲ್ಲ, ಹಸ್ತಪ್ರತಿಗಳನ್ನು ನಾವು ಆಗಲೇ ಅವರಿಗೆ ಹಿಂದಿರುಗಿಸಿದ್ದೆವು.